ನೀರಿಗಿಳಿದ ಗೋಪುರ

ಜನವರಿ 9

ಅಜ್ಜ,

ಒಂದು ಮಾತನ್ನು ನಿನ್ನಿಂದ ಬಹಳ ದಿನ ಮುಚ್ಚಿಟ್ಟಿದ್ದೆ. ನಾನು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿಲ್ಲ. ಒಂದು ದಿನವೂ ಮಾಡಿಲ್ಲ. ಮಳೆಗಾಲ ಮುಗಿದಾಗಿನಿಂದ ನಾನು ಹೋಗುತ್ತಿರುವುದು ನಿನ್ನ ತೋಟಕ್ಕೆ. ನೀನು ಅರ್ಧ ಆಯುಸ್ಸು ಮಾಲಿಗಳ ಮುಖ್ಯಸ್ಥನಾಗಿದ್ದ ಅದೇ ಬಂಗಲೆಯ ತೋಟಕ್ಕೆ.

"ಆ ಗೇಟಿಂದ ತಲೆ ಎತ್ಕೊಂಡು ಬಂದವನು ನಾನು, ನನ್ನ ಮೊಮ್ಮಗಳು ಬುಟ್ಟಿ ಹೊತ್ಕೊಂಡು ಒಳಗೆ ಹೋಗೋದು ಬೇಡ" ಎಂದಿದ್ದೆಯಲ್ಲ, ಅದಕ್ಕೇ ಹೇಳಲಿಲ್ಲ. ಆದರೆ ಶಾಲೆ ಬಿಟ್ಟವಳಿಗೆ ಇಲ್ಲಿ ಸಿಗುವುದು ಎರಡೇ ಕೆಲಸ. ಇನ್ನೊಬ್ಬರ ಅಂಗಡಿಯಲ್ಲಿ ನಿಲ್ಲುವುದು, ಇಲ್ಲವೇ ಇನ್ನೊಬ್ಬರ ಮಗು ಎತ್ತಿಕೊಳ್ಳುವುದು. ಕೂತಲ್ಲಿ ಕೂರಲಾರದ್ದಕ್ಕೇ ಶಾಲೆ ಬಿಟ್ಟವಳು ನಾನು, ನಿಂತಲ್ಲಿ ನಿಲ್ಲುತ್ತೇನೆಯೇ? ಬಾಲ ಸುಟ್ಟ ಬೆಕ್ಕು ಅಂತ ಹೆಸರಿಟ್ಟವನು ನೀನೇ.

ದಣಿಗಳ ಮೊಮ್ಮಕ್ಕಳು ಸೇರಿ ಒಂದು ಟ್ರಸ್ಟ್ ಮಾಡಿಕೊಂಡಿದ್ದಾರೆ. ತೋಟವನ್ನು ಜನರಿಗೆ ತೆರೆಯುತ್ತಾರಂತೆ. ಅದಕ್ಕೆ ಮೊದಲು ಕೊಳ ರಿಪೇರಿಯಾಗಬೇಕು. ನೀನು ಬಿಟ್ಟು ಬಂದ ಮೇಲೆ ಯಾರೋ ಅದಕ್ಕೆ ಸಿಮೆಂಟು ಬಳಿದಿದ್ದಾರೆ, ಅದು ಬಿರುಕು ಬಿಟ್ಟು ನೀರು ಪಾಚಿಗಟ್ಟಿತ್ತು. ಬುಗ್ಗೆಯ ನೀರನ್ನು ಪಂಪಿನಿಂದ ಹೊರಗೆ ಹಾಕುತ್ತಾ ನಾವು ಸಿಮೆಂಟು ಒಡೆಯುತ್ತಿದ್ದೇವೆ. ನಮ್ಮ ಮೇಲೆ ಒಬ್ಬ ಮೇಸ್ತ್ರಿ, ಮೇಸ್ತ್ರಿಯ ಮೇಲೆ ಒಬ್ಬ ಇಂಜಿನಿಯರಮ್ಮ. ಆಕೆ ಮೊನ್ನೆ, "ಇದನ್ನ ಮೊದಲು ಕಟ್ಟಿದವರು ಯಾರು ಅಂತ ನಿಮ್ಮಲ್ಲಿ ಯಾರಿಗಾದರೂ ಗೊತ್ತಾ?" ಎಂದು ಕೇಳಿದರು. ನನ್ನ ನಾಲಿಗೆ ನಿನಗೆ ಗೊತ್ತಲ್ಲ. "ನಮ್ಮಜ್ಜ" ಎಂದುಬಿಟ್ಟೆ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಫೋನಿನಲ್ಲಿ ಕೂಗಿದರೂ ನಿನಗೆ ಕೇಳುವುದಿಲ್ಲ, ಆದ್ದರಿಂದ ಕಾಗದ. ಕೊಳ ಹೇಗೆ ಕಟ್ಟಿದೆ, ಬರಿ. ಬಯ್ಯುವುದಿದ್ದರೆ ಮೊದಲ ಪುಟದಲ್ಲಿ ಬೈದು ಮುಗಿಸು.

ನಿನ್ನ ಬೆಕ್ಕು

•

ಜನವರಿ 20

ಬಟ್ಟೆ ಅಂಗಡಿಯ ಬೆಕ್ಕಿಗೆ,

ಬೈಗುಳ ನಿನಗೆ ಎಮ್ಮೆಯ ಮೇಲೆ ಮಳೆ ಹುಯ್ದ ಹಾಗೆ. ಆದ್ದರಿಂದ ಒಂದು ಪುಟದ ಶಾಯಿ ಉಳಿಸಿದ್ದೇನೆ.

ಇಲ್ಲಿ ನಿನ್ನ ಮಾವನ ಮನೆಯಲ್ಲಿ, ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕುಂಡಗಳಿವೆ. ನೀರು ಹಾಕಿದರೆ ಕೆಳಗಿನ ಮನೆಯ ಬಟ್ಟೆಯ ಮೇಲೆ ಬೀಳುತ್ತದೆಂದು ನಿನ್ನ ಅತ್ತೆ ಲೋಟದಲ್ಲಿ ಅಳೆದು ಕೊಡುತ್ತಾಳೆ. ಒಂದು ಕೊಳವನ್ನೇ ತುಂಬಿಸಿದವನ ಕೈಗೆ ಲೋಟ! ಇರಲಿ.

ಕೇಳು. ಮೊದಲು ಅದನ್ನು ಬರಿಯ ಕಲ್ಲಿನಲ್ಲಿ ಕಟ್ಟಿದೆವು. ಬುಗ್ಗೆ ಕೊಳದ ನಡುವಿನಲ್ಲೇ ಇದೆ, ನೀರಿಗೆ ಬರವಿರಲಿಲ್ಲ. ಆದರೆ ನೀರು ಅಂಚಿಗಿಂತ ಒಂದು ಗೇಣು ಕೆಳಗೇ ನಿಲ್ಲುತ್ತಿತ್ತು. ದಣಿಗಳು ಸಂಜೆ ಈಚೆ ದಂಡೆಯ ಕಲ್ಲುಬೆಂಚಿನ ಮೇಲೆ ಕೂರುವವರು. ನೀರಿನಲ್ಲಿ ಬಂಗಲೆಯ ಬಾಗಿಲು ಕಾಣುತ್ತಿತ್ತು, ಕಿಟಕಿ ಕಾಣುತ್ತಿತ್ತು, ಗೋಪುರ ಮಾತ್ರ ಕಾಣುತ್ತಿರಲಿಲ್ಲ. ನೀರು ತಗ್ಗಿನಲ್ಲಿದ್ದರೆ ಈಚೆಯ ಅಂಚು ಅಡ್ಡ ಬರುತ್ತದಲ್ಲ, ಅದಕ್ಕೆ. "ಏನಯ್ಯಾ, ನನ್ನ ಮನೆಯ ತಲೆ ಕಡಿದ ಹಾಗಿದೆ" ಎಂದರು.

ಮಾರನೆಯ ವರ್ಷ ಕೊಳ ಬರಿದು ಮಾಡಿ ಒಳಗೆಲ್ಲ ಜೇಡಿಮಣ್ಣು ಹಾಸಿಸಿದೆ. ಜೇಡಿಮಣ್ಣನ್ನು ಸಲಿಕೆಯಿಂದ ಬಡಿದರೆ ಸಾಲದು, ಬರಿಗಾಲಿನಲ್ಲಿ ತುಳಿಯಬೇಕು. ಹಿಮ್ಮಡಿ ಒತ್ತಿದಲ್ಲಿ ಬೆರಳು, ಬೆರಳು ಒತ್ತಿದಲ್ಲಿ ಹಿಮ್ಮಡಿ. ಗೋಡೆಯಾಚೆಯ ಓಣಿಗೆ ಓಣಿಯೇ ಬಂದು ತುಳಿಯಿತು, ಹೆಂಗಸರು ಮಕ್ಕಳು ಸಮೇತ. ಕಾಲು ತಪ್ಪದಿರಲೆಂದು ನಾನು ಪದ ಹೇಳುತ್ತಿದ್ದೆ, ಅವರು ಸೊಲ್ಲು ಹಿಡಿಯುತ್ತಿದ್ದರು. ಆಮೇಲೆ ನೀರು ಅಂಚಿಗೆ ಬಂದು ನಿಂತಿತು. ಗೋಪುರವನ್ನು ನೀರಿಗಿಳಿಸಿದವನು ನಾನು. ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಷ್ಟು ಸಲ ಹೇಳಿಲ್ಲ!

ಇನ್ನೊಂದು. ರಿಪೇರಿ ಮುಗಿದ ಮೇಲೆ ಕಲ್ಲು ನೆಟ್ಟು ಹೆಸರು ಕೊರೆಸುವುದು ಇಂಥವರ ಪದ್ಧತಿ. ನಾನು ಕೇಳಿದೆನೆಂದು ಹೇಳಬೇಡ. ತಾನಾಗಿ ಬಂದಂತಿರಬೇಕು.

ಅಜ್ಜ

•

ಫೆಬ್ರವರಿ 3

ಅಜ್ಜ,

ನಿನ್ನ ಮಣ್ಣು ಸಿಕ್ಕಿತು.

ಸಿಮೆಂಟು ಎತ್ತಿದರೆ ಅಡಿಯಲ್ಲಿ ಸಣ್ಣ ಮರಳು. ಮರಳನ್ನು ಬ್ರಷ್ಷಿನಿಂದ ಗುಡಿಸಿದರೆ ಅಡಿಯಲ್ಲಿ ಹೆಜ್ಜೆಗಳು! ಒಂದರ ಬೆನ್ನಿಗೆ ಒಂದು, ಕೊಳದ ತುಂಬ. ದೊಡ್ಡವು, ಚಿಕ್ಕವು, ಕಿರುಬೆರಳು ಇಲ್ಲದ್ದು ಒಂದು. ಮೇಸ್ತ್ರಿ ಯಾವತ್ತೂ ಯಾರನ್ನೂ ಹೊಗಳಿದವರಲ್ಲ. ಅವರೇ ಮಂಡಿಯೂರಿ ಉಗುರಿನಿಂದ ಕೆರೆದು ನೋಡಿ, "ಯಾರಪ್ಪಾ ಇವರು, ಒಂದು ಹನಿ ಇಳಿಯೋಕೂ ಜಾಗ ಬಿಟ್ಟಿಲ್ಲ" ಎಂದರು. ನನಗೆ ಎದೆ ಇಷ್ಟಗಲವಾಯಿತು. ಚಪ್ಪಲಿ ಕಳಚಿ ಒಂದು ಹೆಜ್ಜೆಯೊಳಗೆ ಕಾಲಿಟ್ಟೆ. ಯಾರದೋ ಏನೋ, ನನ್ನ ಅಳತೆಗೆ ಸರಿಯಾಗಿತ್ತು.

ಟ್ರಸ್ಟಿನ ಕಾರ್ಯದರ್ಶಿಗೆ ನಿನ್ನ ಹೆಸರು ತಲುಪಿದೆ. ನಾನು ಕೇಳಲಿಲ್ಲ, ಇಂಜಿನಿಯರಮ್ಮ ಹೇಳಿದ್ದು. ಕಲ್ಲು ಹಾಕಿಸುತ್ತಾರಂತೆ, ಏಪ್ರಿಲ್ ಇಪ್ಪತ್ತಕ್ಕೆ ಉದ್ಘಾಟನೆ, ನಿನ್ನನ್ನೂ ಕರೆಸುತ್ತಾರಂತೆ.

ಮಣ್ಣಿನ ದಪ್ಪ ನೋಡಲೆಂದು ಓಣಿಯ ಕಡೆಯ ಇಳಿಜಾರು ದಂಡೆಯಲ್ಲಿ ಸ್ವಲ್ಪ ಕತ್ತರಿಸಿದೆವು. ಅಂಚಿಗಿಂತ ಒಂದು ಗೇಣು ಕೆಳಗೆ, ತುಳಿದ ಮಣ್ಣಿನ ಹಿಂದೆ, ಒಂದು ಕಲ್ಲುಕಾಲುವೆಯ ಬಾಯಿ ಇದೆ. ಅದಕ್ಕೆ ಜೇಡಿಮಣ್ಣು, ಇಟ್ಟಿಗೆ ಚೂರು ತುರುಕಿದ್ದಾರೆ. ಅದರ ಮೇಲೂ ಹೆಜ್ಜೆಗಳು ಎಲ್ಲೂ ಕಡಿಯದೆ ಹಾಗೇ ಸಾಗಿವೆ. ಅದು ಏನು? ಇಂಜಿನಿಯರಮ್ಮ ಕೇಳಿದರು, ನಿನ್ನನ್ನು ಕೇಳಿ ಹೇಳುತ್ತೇನೆ ಎಂದೆ.

ಬೆಕ್ಕು

•

ಫೆಬ್ರವರಿ 14

ಮುದ್ದು ಬೆಕ್ಕೇ,

ಕಾಗದವನ್ನು ನಿನ್ನ ಮಾವನಿಂದ ಎರಡು ಸಲ ಓದಿಸಿದೆ. ಕನ್ನಡಕ ಇತ್ತು, ಆದರೂ ಓದಿಸಿದೆ. ಅವನಿಗೂ ಗೊತ್ತಾಗಲಿ ತನ್ನಪ್ಪ ಯಾರೆಂದು.

ಕಲ್ಲಿನ ಮೇಲೆ ನನ್ನ ಹೆಸರಿನ ಮುಂದೆ "ಮಾಲಿ" ಎಂದು ಹಾಕದಿರಲಿ. "ನಿರ್ಮಾತೃ" ಎಂದು ಹಾಕಲಿ. ಅಕ್ಷರ ಆಳವಾಗಿ ಕೊರೆಯಲಿ. ಮೇಲೆಮೇಲೆ ಕೊರೆದು ಬಣ್ಣ ತುಂಬಿದರೆ ನಾಲ್ಕು ಮಳೆಗೆ ಹೋಗುತ್ತದೆ. ಕೋಟು ಹೊಲಿಸಬೇಕು. ಹಳೆಯದರಲ್ಲಿ ಈಗ ನನ್ನಂಥವರು ಇಬ್ಬರು ಹಿಡಿಸುತ್ತಾರೆ. ಕಲ್ಲುಬೆಂಚು ಅಲ್ಲೇ ಇದೆಯೇ? ಅದರ ಮೇಲೆ ನಾನು ಯಾವತ್ತೂ ಕೂತಿಲ್ಲ. ಈ ಸಲ ಕೂರುತ್ತೇನೆ.

ಆ ಕಾಲುವೆ ಹಳೆಯ ಬಚ್ಚಲು ಇರಬೇಕು. ಅದನ್ನು ಕೆದಕಲು ಹೋಗಬೇಡಿ, ಸುತ್ತಲಿನ ಮಣ್ಣು ಸಡಿಲವಾಗುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು.

ಅಜ್ಜ

•

ಫೆಬ್ರವರಿ 25

ಅಜ್ಜ,

ಬಚ್ಚಲಾಗಿದ್ದರೆ ಬಂಗಲೆಯ ಕಡೆಯಿಂದ ಬರಬೇಕು. ಇದು ಕೊಳದಿಂದ ಹೊರಟು ಗೋಡೆಯ ಅಡಿಯಲ್ಲಿ ಓಣಿಗೆ ಹೋಗುತ್ತದೆ. ಆದ್ದರಿಂದ ಊಟದ ಬಿಡುವಿನಲ್ಲಿ ಓಣಿಗೆ ಹೋದೆ.

ಎಷ್ಟೋ ಮನೆಗಳಿಗೆ ಬೀಗ. ಉಳಿದವರು ಟ್ಯಾಂಕರ್ ಬರುವ ದಿನ ನೋಡಿಕೊಂಡು ಸ್ನಾನ ಮಾಡುವವರು. ನಡುವೆ ಒಂದು ದೊಡ್ಡ ಕಲ್ಲುಬಾನಿ ಇದೆ, ಒಣಗಿದ್ದು. ಅದರೊಳಗೆ ನಾಲ್ಕು ಗಂಡಸರು ಕಾಲು ಚಾಚಿ ಇಸ್ಪೀಟು ಆಡುತ್ತಿದ್ದರು. ಅಂಚಿನ ಮೇಲೆ ಕಹಳೆಯಮ್ಮ ಕೂತಿದ್ದಳು. ನಿನಗೆ ಗುರುತಿರಬೇಕು, ಪಿಸುಗುಟ್ಟಿದರೂ ಮೂರು ಮನೆಗೆ ಕೇಳುವ ಗಂಟಲು. ಈಗ ಹಲ್ಲಿಲ್ಲ, ಗಂಟಲು ಇದೆ.

"ಯಾರ ಮಗಳೇ ನೀನು?" ಎಂದಳು. ಹೇಳಿದೆ. ಎದ್ದು ನನ್ನ ಗಲ್ಲ ಹಿಡಿದುಕೊಂಡಳು. "ಅಯ್ಯೋ, ಆ ಪುಣ್ಯಾತ್ಮನ ಮೊಮ್ಮಗಳಾ! ಮುಖ್ಯಸ್ಥ ಆಗಿದ್ರೂ ನಮ್ ಜೊತೆ ಕೆಸರಿಗೆ ಇಳಿದೋನು ಕಣೆ. ಎಂಥ ಪದ ಹೇಳ್ತಿದ್ದ!"

"ಈ ಬಾನಿಗೆ ನೀರು ಎಲ್ಲಿಂದ ಬರ್ತಿತ್ತು?"

"ಆ ಬುಗ್ಗೇದೇ. ಕೊಳ ಕಟ್ಟೋಕೆ ಮುಂಚಿಂದ್ಲೂ ಬರ್ತಿತ್ತು. ಹಗಲೂ ರಾತ್ರಿ, ನಿಲ್ಸೋಕೆ ಒಂದು ಬಿರಡೆ ಸೈತ ಇರ್ಲಿಲ್ಲ. ಕೊಳದ ಕಲ್ಲು ಸೋರ್ತದೆ, ಮಣ್ಣು ತುಳಿದ್ರೆ ಸೋರೋದು ನಿಲ್ತದೆ, ನಿಮ್ಮ ಬಾನಿಗೂ ನೀರು ಜಾಸ್ತಿ ಬರ್ತದೆ ಅಂದ ನಿಮ್ಮಜ್ಜ. ನಮ್ಮ ನೀರಲ್ವಾ ಅಂತ ಎಲ್ಲಾ ಹೋಗಿ ಪ್ರಾಣ ಬಿಟ್ಟು ತುಳಿದ್ವಿ. ನಮ್ಮ ಹಣೇಬರ ನೋಡು, ಅದೇ ವರ್ಷ ನಮ್ಮ ಕಡೆ ಬರೋ ಸೆಲೆ ಭೂಮಿಯೊಳಗೇ ತಿರುಗಿಬಿಡ್ತು. ಹನಿ ಬರ್ಲಿಲ್ಲ. ನಿಮ್ಮಜ್ಜಾನೂ ಬಂದು ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದ ಪಾಪ, ಇಲ್ಲೇ."

ಒಬ್ಬ ಎಲೆ ಹಾಕುತ್ತಾ, "ಅಜ್ಜಿ, ನೀರಿದ್ದಿದ್ರೆ ನಾವು ಎಲ್ಲಿ ಆಡ್ತಿದ್ವಿ ಹೇಳು" ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಅಜ್ಜ, ನೇರವಾಗಿ ಕೇಳುತ್ತೇನೆ. ಸೆಲೆ ತಿರುಗಿತೇ, ಯಾರಾದರೂ ತಿರುಗಿಸಿದರೇ?

•

ಮಾರ್ಚ್ 12

ಅಜ್ಜ,

ನಿನ್ನ ಉತ್ತರ ಬಂದಿಲ್ಲ. ಮಾವನಿಗೆ ಫೋನ್ ಮಾಡಿದೆ. ಆರೋಗ್ಯವಾಗಿದ್ದೀಯಂತೆ, ದರ್ಜಿಯ ಹತ್ತಿರ ಕೋಟಿನ ತೋಳಿಗಾಗಿ ಜಗಳ ಮಾಡಿ ಬಂದೆಯಂತೆ. ಸಂತೋಷ.

ನೀನು ಹೇಳದಿದ್ದರೂ ನೀರು ಹೇಳಿತು. ಇಂಜಿನಿಯರಮ್ಮ ಕಾಲುವೆಯ ಬಾಯಿಯ ಒಂದು ಮಗ್ಗುಲನ್ನಷ್ಟೇ ಬಿಡಿಸಿ, ಪೈಪು ಇಟ್ಟು ನೀರು ಬಿಟ್ಟರು. ನಾನು ಓಡಿ ಓಣಿಗೆ ಹೋದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬಾನಿಯ ಗೋಡೆಯ ತೂತು ಕೆಮ್ಮಿದ ಹಾಗೆ ಒಮ್ಮೆ ಸದ್ದು ಮಾಡಿ ಕೆಸರು ಉಗುಳಿತು, ಹಿಂದೆಯೇ ನೀರು. ಇಸ್ಪೀಟಿನವರು ಪಂಚೆ ಎತ್ತಿಕೊಂಡು ಹಾರಿದರು. ರಾಜ ರಾಣಿಯರೆಲ್ಲ ತೇಲಿಹೋದರು. ಕಹಳೆಯಮ್ಮ ಬೊಗಸೆಯೊಡ್ಡಿ, ಆ ಕೆಂಪು ನೀರನ್ನೇ ಹಿಡಿದು, ಸೋರಿಹೋಗುವವರೆಗೂ ನೋಡುತ್ತಾ ನಿಂತಳು.

ಪೈಪಿನ ನೀರು ಮುಗಿಯಿತು, ಬಾನಿಯೂ ನಿಂತಿತು. "ಬಾಯಿ ಪೂರ್ತಿ ಬಿಡಿಸಿದರೆ ಸಾಕು, ದಿನವಿಡೀ ಬರುತ್ತೆ" ಎಂದರು ಇಂಜಿನಿಯರಮ್ಮ. ಕೊಳದ ನೀರು ಒಂದು ಗೇಣು ಇಳಿಯುತ್ತದೆ, ಅಷ್ಟೇ.

ಒಂದು ಗೇಣು ಎಂದ ಕೂಡಲೇ ನನಗೆ ನಿನ್ನ ಕಥೆ ನೆನಪಾಯಿತು. ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದ ಕಥೆ. ಈ ಸಲವಾದರೂ ಉತ್ತರ ಬರಿ.

•

ಮಾರ್ಚ್ 19

ಮಗಳೇ,

ಹೌದು, ನಾನೇ ಮುಚ್ಚಿದೆ. ಸಾಕೇ?

ಆಗ ನನಗೆ ಇಪ್ಪತ್ತೈದು ದಾಟಿರಲಿಲ್ಲ. ಕಾಲುವೆ ತೆರೆದಿರುವವರೆಗೆ ನೀರು ಮೇಲೇರುವುದಿಲ್ಲವೆಂದು ದಣಿಗಳಿಗೂ ಗೊತ್ತಿತ್ತು. "ಗೋಪುರ ಕಾಣಿಸಿದ ದಿನ ಗೇಟಿನ ಮನೆಯ ಬೀಗದ ಕೈ ನಿನ್ನದು. ಕಾಣಿಸದಿದ್ದರೆ ಬೇರೆ ಮುಖ್ಯಸ್ಥನನ್ನು ನೋಡ್ತೀನಿ" ಎಂದರು. ನಿನ್ನ ಅಜ್ಜಿ ಆಗ ತುಂಬಿದ ಬಸುರಿ. ನಿನ್ನ ಅಮ್ಮ ಹುಟ್ಟಿದ್ದು ಆ ಗೇಟಿನ ಮನೆಯಲ್ಲಿ. ಹುಟ್ಟಿದ ದಿನ ಅವಳನ್ನು ಮೀಯಿಸಿದ ನೀರು ಎಲ್ಲಿಯದು ಎಂದುಕೊಂಡಿದ್ದೀಯ?

ಆದರೆ ಒಂದು ತಿಳಿದುಕೋ. ಓಣಿಯವರು ತುಳಿಯುವಾಗ ನನ್ನ ಮನಸ್ಸಿನಲ್ಲಿ ಕಪಟ ಇರಲಿಲ್ಲ. ತುಳಿದರೆ ಸಾಕು, ನೀರು ಏರುತ್ತದೆ, ಎರಡು ಕಡೆಗೂ ಆಗುತ್ತದೆ ಎಂದೇ ನಂಬಿದ್ದೆ. ಅವರೆಲ್ಲ ತುಳಿದು ಹೋದ ಮೇಲೆ, ನೀರು ಏರದಿದ್ದಾಗ, ಒಂದು ಸಂಜೆ ನಾನೊಬ್ಬನೇ ಇಳಿದು ಆ ಬಾಯಿ ಮುಚ್ಚಿದೆ. ಅತ್ತುಕೊಂಡೇ ಮುಚ್ಚಿದೆ.

ನೀನು ಚಿಕ್ಕವಳಿದ್ದಾಗಿನಿಂದ ಸತ್ಯ ಸತ್ಯ ಎಂದು ಕುಣಿಯುವವಳು. ಮೇಷ್ಟರ ಮುಖದೆದುರೇ "ನೀವು ತಪ್ಪು ಹೇಳಿದಿರಿ" ಎಂದು ಹೊರಗೆ ಬಂದವಳು. ಅದರಿಂದ ಏನು ಬಂತು? ಮೇಷ್ಟರು ಅಲ್ಲೇ ಇದ್ದಾರೆ, ನೀನು ಮಣ್ಣು ಹೊರುತ್ತಿದ್ದೀಯ. ನನ್ನದು ಒಂದೇ ಬೇಡಿಕೆ. ಉದ್ಘಾಟನೆ ಕಳೆಯಲಿ. ಕಲ್ಲಿನ ಮೇಲೆ ಹೆಸರು ಕೂತ ಮೇಲೆ, ನಾನು ಕಣ್ಣು ಮುಚ್ಚಿದ ಮೇಲೆ, ಬೇಕಾದರೆ ಊರೂರಿಗೆ ಡಂಗುರ ಹೊಡಿ. ಒಂದು ಸಂಜೆ ಆ ಬೆಂಚಿನ ಮೇಲೆ ಕೂತು ಏಳುವವರೆಗೆ ಬಾಯಿ ಮುಚ್ಚಿಕೊಂಡಿರು.

ಅಜ್ಜ

•

ಮಾರ್ಚ್ 28

ಅಜ್ಜ,

ನಿಮ್ಮ ಕಾಗದ ತಲುಪಿತು. ನಾಳೆ ಟ್ರಸ್ಟಿನವರ ಸಭೆ ಇದೆ. ಕಾಲುವೆಯನ್ನು ಬಿಡಿಸುವುದೋ ಬೇಡವೋ ಎಂದು ಅಲ್ಲಿ ತೀರ್ಮಾನ. ಇಂಜಿನಿಯರಮ್ಮ ನನ್ನನ್ನೂ ಕರೆದಿದ್ದಾರೆ. ಹೋಗುತ್ತೇನೆ. ನೀವು ಆರೋಗ್ಯ ನೋಡಿಕೊಳ್ಳಿ.

•

ಏಪ್ರಿಲ್ 5

ನನ್ನ ಬಂಗಾರದ ಬೆಕ್ಕೇ,

ಆಮಂತ್ರಣ ಬಂತು! ದಪ್ಪ ಕಾಗದ, ಮುತ್ತಿನಂಥ ಅಕ್ಷರ, ಒಳಗೆ ನನ್ನ ಹೆಸರು. ಕಾರ್ಯದರ್ಶಿಗಳು ಕಲ್ಲಿನ ಫೋಟೋ ಬೇರೆ ಕಳಿಸಿದ್ದಾರೆ. "ನಿರ್ಮಾತೃ" ಎಂದೇ ಇದೆ. ಆಳವಾಗಿಯೇ ಕೊರೆದಿದ್ದಾರೆ, ನೆರಳು ಬಿದ್ದಿರುವುದು ನೋಡಿದರೇ ಗೊತ್ತಾಗುತ್ತದೆ. ನಿನ್ನ ಅತ್ತೆ ಈವತ್ತು ಲೋಟ ಅಳೆಯಲಿಲ್ಲ. ಬಿಂದಿಗೆಯನ್ನೇ ತಂದು ಬಾಲ್ಕನಿಯಲ್ಲಿಟ್ಟಳು.

ಮಗಳೇ, ನೀನು ಬಾಯಿ ಬಿಡಲಿಲ್ಲ. ನನಗೆ ಗೊತ್ತಿತ್ತು. ರಕ್ತ ರಕ್ತವೇ. ಈ ಉಪಕಾರವನ್ನು ಸಾಯುವವರೆಗೂ ಮರೆಯುವುದಿಲ್ಲ. ಹೋದ ಕಾಗದದಲ್ಲಿ ನೀನು ನನ್ನನ್ನು "ನೀವು" ಎಂದು ಬರೆದಿದ್ದೆ. ಮೊದಲು ನಗು ಬಂತು, ಆಮೇಲೆ ಹೆಮ್ಮೆಯಾಯಿತು. ಅಂತೂ ದೊಡ್ಡವಳಾದೆ.

ಹತ್ತೊಂಬತ್ತರ ಸಂಜೆ ರೈಲಿಳಿಯುತ್ತೇನೆ. ನಿಲ್ದಾಣಕ್ಕೆ ಬಾ. ನಿನ್ನ ಕೈ ಹಿಡಿದುಕೊಂಡೇ ಆ ಗೇಟು ದಾಟಬೇಕು.

ಅಜ್ಜ

•

ಏಪ್ರಿಲ್ 12

ಅಜ್ಜ,

ನಾನು ಬಾಯಿ ಮುಚ್ಚಿಕೊಂಡಿರಲಿಲ್ಲ. ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಬಾನಿ, ಕಾಲುವೆ, ಗೋಪುರ, ಗೇಟಿನ ಮನೆಯ ಬೀಗದ ಕೈ, ಎಲ್ಲ. ನೀವು ನನಗೆ ಉಪಕಾರದ ಭಾರ ಹೊರಿಸಬೇಡಿ.

ಅವರು ಕೇಳಿದರು, ತುಂಬ ಚೆನ್ನಾಗಿ ಕೇಳಿದರು. ಯಾರೂ ಸಿಟ್ಟಾಗಲಿಲ್ಲ. ಕಾರ್ಯದರ್ಶಿ, "ಎಂಥ ಸ್ವಾರಸ್ಯಕರವಾದ ಇತಿಹಾಸ!" ಎಂದರು. ಒಬ್ಬರು ನನಗೆ ಚಹಾ ತರಿಸಿದರು. ಕಾಲುವೆ ಬಿಡಿಸಿ ಓಣಿಗೆ ನೀರು ಕೊಡಬಹುದು, ಖರ್ಚೇ ಇಲ್ಲ ಎಂದು ಇಂಜಿನಿಯರಮ್ಮ ನಕ್ಷೆ ಹಾಸಿ ತೋರಿಸಿದರು. ದಣಿಗಳ ಮೊಮ್ಮಗ ನಕ್ಷೆಯನ್ನು ನೋಡಲೇ ಇಲ್ಲ. "ಆಗ ಬೆಂಚಿಂದ ಗೋಪುರ ಕಾಣುತ್ತಾ?" ಎಂದು ಕೇಳಿದರು. ಇಂಜಿನಿಯರಮ್ಮ ಸುಳ್ಳು ಹೇಳುವವರಲ್ಲ. ಕಾಣುವುದಿಲ್ಲ ಎಂದರು. ಅಲ್ಲಿಗೆ ಸಭೆ ಮುಗಿಯಿತು.

ನಿಮ್ಮ ದಣಿಗಳು ನಿಮಗೆ ಹೆದರಿಕೆ ಹಾಕಿದ್ದರು, ಒಂದು ಮನೆಯನ್ನಾದರೂ ಕೊಟ್ಟಿದ್ದರು. ಇವರಿಗೆ ಅದೂ ಬೇಕಾಗಲಿಲ್ಲ.

ಕಾಲುವೆಗೆ ಈಗ ಕಾಂಕ್ರೀಟು ತುಂಬಿದ್ದಾರೆ. ಕಲಸಿದ್ದು ನಮ್ಮ ತಂಡ. ನನ್ನ ಸರದಿ ಬಂದಾಗ ಬುಟ್ಟಿ ಕೆಳಗಿಟ್ಟೆ. "ಹೋದ್ರೆ ಮತ್ತೆ ಬರಬೇಡ" ಎಂದರು ಮೇಸ್ತ್ರಿ. "ಬರಲ್ಲ" ಎಂದೆ. ಅವರು ನನ್ನ ಬುಟ್ಟಿಯನ್ನು ತಾವೇ ಎತ್ತಿಕೊಂಡು ಹೋದರು. ನನ್ನ ಮುಖ ನೋಡಲಿಲ್ಲ. ನಿಮ್ಮ ಕಲ್ಲಿನ ಮೇಲೆ ಇನ್ನೊಂದು ಸಾಲು ಇದೆ, ಫೋಟೋದಲ್ಲಿ ಕಂಡಿತೋ ಇಲ್ಲವೋ: "ಓಣಿಯ ಜನರ ಪ್ರೀತಿಯ ಶ್ರಮದಿಂದ". ಹೆಜ್ಜೆಗಳಿರುವ ಒಂದು ತುಂಡು ಮಣ್ಣನ್ನು ಎತ್ತಿ ಗಾಜಿನ ಪೆಟ್ಟಿಗೆಯಲ್ಲಿ, ದೀಪದ ಕೆಳಗೆ ಇಟ್ಟಿದ್ದಾರೆ. ಕಿರುಬೆರಳು ಇಲ್ಲದ ಹೆಜ್ಜೆ ಅದರಲ್ಲಿದೆ.

ಇನ್ನು ನಿಮ್ಮ ಕಾಗದದ ವಿಷಯ. ಅದರಲ್ಲಿ ಒಂದು ಸುಳ್ಳಿದೆ. ಓಣಿಯವರು ತುಳಿದು ಹೋದ ಮೇಲೆ ಬಾಯಿ ಮುಚ್ಚಿದೆ ಎಂದಿರಿ. ಹಾಗಾಗಿದ್ದರೆ ಅವರು ತುಳಿದ ಮಣ್ಣನ್ನು ಕತ್ತರಿಸಬೇಕಿತ್ತು, ತೇಪೆ ಕಾಣಬೇಕಿತ್ತು. ತೇಪೆ ಇಲ್ಲ. ಅದನ್ನು ಫೆಬ್ರವರಿಯಲ್ಲೇ ನಿಮಗೆ ಬರೆದಿದ್ದೆ. ಕೋಟಿನ ಗಡಿಬಿಡಿಯಲ್ಲಿ ನೀವು ಗಮನಿಸಲಿಲ್ಲ. ಹೆಜ್ಜೆಗಳು ಮುಚ್ಚಿದ ಬಾಯಿಯ ಮೇಲೆಯೇ ಇವೆ. ನೀವು ಮೊದಲು ಮುಚ್ಚಿದಿರಿ. ಆಮೇಲೆ ಅವರನ್ನು ಕರೆದು, ಅವರ ನೀರಿನ ಮೇಲೆ ಅವರನ್ನೇ ನಿಲ್ಲಿಸಿ, ಪದ ಹೇಳಿ ತುಳಿಸಿದಿರಿ. ಚೆನ್ನಾಗಿ ತುಳಿದಷ್ಟೂ ಅವರ ಗಂಟಲು ಒಣಗಿತು. ಬೀಗದ ಕೈಗಾಗಿ ಮುಚ್ಚಿದ್ದನ್ನು ನಾನು ಹೇಗಾದರೂ ನುಂಗಿಕೊಳ್ಳುತ್ತಿದ್ದೆ. ಆ ಮನೆಯ ನೀರು ಕುಡಿದೇ ಅಮ್ಮ ಬೆಳೆದಳು, ನಾನೂ ಬೆಳೆದೆ. ನನ್ನ ಪಾಲೂ ಅದರಲ್ಲಿದೆ. ಪದ ಹೇಳಿದ್ದನ್ನು ನುಂಗಲು ಆಗುತ್ತಿಲ್ಲ.

ಕಹಳೆಯಮ್ಮನಿಗೂ ಹೇಳಿದೆ. ಅವಳು ಬಾನಿಯ ಅಂಚಿನ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಕೈ ನಿಂತಿತು. ಬೈಯುತ್ತಾಳೆ, ಓಣಿಯನ್ನೆಲ್ಲ ಕೂಗಿ ಸೇರಿಸುತ್ತಾಳೆ ಎಂದುಕೊಂಡೆ. ಆ ಗಂಟಲಿನಿಂದ ಬಂದದ್ದು ನನಗೊಬ್ಬಳಿಗೇ ಕೇಳುವಷ್ಟು ದನಿ.

"ಪದ ಹೇಳ್ತಿದ್ನಲ್ಲ, ಆವಾಗ್ಲೂ ಗೊತ್ತಿತ್ತೇನೇ ಅವನಿಗೆ?"

ಗೊತ್ತಿತ್ತು ಎನ್ನಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು. "ನೀನು ಹೇಳ್ಬೇಡ. ಅವನೇ ಹೇಳ್ಲಿ" ಎಂದಳು.

ಓಣಿಯವರಿಗೂ ಆಮಂತ್ರಣ ಕೊಟ್ಟಿದ್ದಾರೆ, ತಮ್ಮ ಹೆಜ್ಜೆಗಳನ್ನು ನೋಡಲು ಬನ್ನಿ ಎಂದು. ಬೇರೆ ಯಾರೂ ಹೋಗುವುದಿಲ್ಲವಂತೆ. ಕಹಳೆಯಮ್ಮ ಹೋಗುತ್ತಾಳೆ. ಮುಂದಿನ ಸಾಲಿನಲ್ಲಿ, ಬೆಂಚಿನ ಪಕ್ಕದಲ್ಲೇ ಅವಳಿಗೆ ಕುರ್ಚಿ ಹಾಕಿದ್ದಾರೆ. ನಿಮಗೆ ಕಿವಿ ಮಂದವಾಗಿದೆ ಎಂದು ಹೇಳಿದೆ. ಗಟ್ಟಿಯಾಗಿಯೇ ಕೇಳುತ್ತೇನೆ ಎಂದಳು.

ಈ ಕಾಗದ ನೀವು ರೈಲು ಹತ್ತುವ ಮುಂಚೆ ಕೈಸೇರುತ್ತದೆ. ಬರುವುದು ಬಿಡುವುದು ನಿಮಗೆ ಸೇರಿದ್ದು. ನಿಲ್ದಾಣಕ್ಕೆ ನಾನು ಬರುವುದಿಲ್ಲ. ಒಂದು ಊರಿನಲ್ಲಿ ಬಾವಿ ತೋಡುವವರ ತಂಡಕ್ಕೆ ಆಳು ಬೇಕಂತೆ, ಇಂಜಿನಿಯರಮ್ಮ ಹೇಳಿ ಕಳಿಸಿದ್ದಾರೆ. ಬಟ್ಟೆ ಕಟ್ಟಿದ್ದೇನೆ, ಕೋಣೆಯ ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟಿದ್ದೇನೆ.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.